ಅತ್ತೆ ಗುಡಿಸಿದ ಕಾಡು

ಅತ್ತೆಯ ಕೈಗೆ ಪೊರಕೆ ಸಿಕ್ಕರೆ ದೇವರೂ ಕಾಲು ಮೇಲೆತ್ತಿ ಕೂರಬೇಕು. ಸೊಸೆಯ ಕೋಣೆಗೂ ಅದೇ ನ್ಯಾಯ. ಮೊನ್ನೆ ಮೇಜಿನ ಮೇಲಿದ್ದ ಖಾಲಿ ಹಕ್ಕಿಗೂಡೊಂದು ಸೀದಾ ಕಸದ ಬುಟ್ಟಿ ಸೇರಿತ್ತು. ಸೊಸೆ ಅದನ್ನು ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡಳು. ಅಂದಿನಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೆ.

ಬಡಾವಣೆಯ ಅಂಚಿನ ಕಾಡುಪಾರ್ಕನ್ನು ನೋಡಿಕೊಳ್ಳುವುದು ಸೊಸೆಯ ಕೆಲಸ. ಮುಂದೆ ಬೆಂಚು, ಜಾರುಬಂಡೆ. ಹಿಂದೆಲ್ಲ ಮರಗಳದ್ದೇ ದರ್ಬಾರು. ಅಲ್ಲೊಂದು ಮೂಲೆಯಲ್ಲಿ ಗಾಳಿಗೆ ಬಿದ್ದ ಹೆಮ್ಮರವನ್ನು ಯಾರಿಗೂ ಮುಟ್ಟಗೊಡದೆ ಹಾಗೇ ಕೊಳೆಯಲು ಬಿಟ್ಟಿದ್ದಳು. ಅತ್ತೆಯ ಪ್ರಕಾರ ಇದು ಸಂಬಳ ತೆಗೆದುಕೊಂಡು ಕಸ ಕಾಯುವ ಉದ್ಯೋಗ.

"ನಾಳೆ ಅಧಿಕಾರಿ ಬರ್ತಾರೆ. ಆ ಮೂಲೆ ಹಿಡಿಸ್ಲಿಲ್ಲ ಅಂದ್ರೆ ಟೈಲ್ಸ್ ಹಾಕ್ಸಿಬಿಡ್ತಾರಂತೆ. ನಂಗಂತೂ ಕೈಕಾಲೇ ಆಡ್ತಿಲ್ಲ," ಎಂದು ಸೊಸೆ ಗಂಡನಿಗೆ ಹೇಳಿದ್ದು ಅಡುಗೆಮನೆಯಲ್ಲಿದ್ದ ಅತ್ತೆಯ ಕಿವಿಗೆ ಬಿತ್ತು. ಎಷ್ಟಾದರೂ ತನ್ನ ಸೊಸೆ. ಹೊರಗಿನವರ ಮುಂದೆ ಅವಳ ಮಾನ ಹೋಗಲು ಬಿಡುವುದುಂಟೇ?

ಬೆಳಕು ಹರಿಯುವಷ್ಟರಲ್ಲಿ ಅತ್ತೆ ಕಡ್ಡಿಪೊರಕೆ, ಗೋಣಿಚೀಲ, ಬ್ರಷ್ಷು ಹಿಡಿದು ಆ ಮೂಲೆಯಲ್ಲಿ ಹಾಜರ್. ತರಗೆಲೆ ಬಾಚಿದಳು, ಅಣಬೆ ಕಿತ್ತಳು, ಮರದ ಮೇಲಿನ ಪಾಚಿಯನ್ನು ತಳ ಹತ್ತಿದ ಪಾತ್ರೆ ತಿಕ್ಕುವ ಹುರುಪಿನಲ್ಲಿ ತಿಕ್ಕಿದಳು. ತುಂಬಿದ ಚೀಲ ಒಳಗಿನಿಂದ ಮಿಸುಕಿದಂತಾಯಿತು. ಗಾಳಿಯಿರಬೇಕೆಂದು ಅದರ ಬಾಯಿ ಕಟ್ಟಿದಳು.

ಕೆಲಸಕ್ಕೆ ಬಂದ ಸೊಸೆ ಬೋಳು ನೆಲ ಕಂಡು ಓಡಿ ಬಂದಳು. "ಅತ್ತೆ, ಏನ್ ಮಾಡಿಬಿಟ್ರಿ?"

"ನೋಡು, ನೆಲದ ಮೇಲೇ ಊಟ ಬಡಿಸ್ಬಹುದು!"

"ಇಲ್ಲಿ ನೆಲಗಪ್ಪೆ, ಹಾವುರಾಣಿ, ಜೀರುಂಡೆ ಎಲ್ಲಾ ಸಂಸಾರ ಮಾಡ್ಕೊಂಡಿದ್ವು. ಆ ಎಲೆನೇ ಅವುಗಳ ಹಾಸಿಗೆ. ಇದನ್ನ ತೋರ್ಸೋಕೇ ನಾನು ಅಧಿಕಾರೀನ ಕರ್ದಿದ್ದು."

ಸೊಸೆ ಬೈಯಲಿಲ್ಲ. ಬೈದಿದ್ದರೆ ಅತ್ತೆಯೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದಳು. ಗೂಡನ್ನು ಬುಟ್ಟಿಯಿಂದ ಎತ್ತಿಕೊಂಡಾಗ ಇದ್ದ ಮುಖವೇ ಮತ್ತೆ ಕಂಡಿತು.

ಅಷ್ಟರಲ್ಲಿ ಅಧಿಕಾರಿಯ ಸವಾರಿ ಬಂತು. ಮುಂದೆ ಹೊಟ್ಟೆ, ಕೆಳಗೆ ಫಳಫಳ ಬೂಟು. "ಆಹಾ, ಎಷ್ಟು ನೀಟಾಗಿದೆ! ಆ ದಿಮ್ಮಿ ಎತ್ತಿಸಿ ಟೈಲ್ಸ್ ಹಾಕಿದ್ರೆ ಮುಗೀತು. ಉಳಿಸೋಕೆ ಇಲ್ಲೇನಿದೆಯಮ್ಮಾ?"

ಸೊಸೆ ಖಾಲಿ ಮೂಲೆಯತ್ತ ನೋಡಿದಳು. ಅತ್ತೆಯ ಗುಡಿಸುವಿಕೆಯನ್ನು ಇಡೀ ಜನ್ಮದಲ್ಲಿ ಒಬ್ಬ ಹೊಗಳಿದ್ದ. ಆದರೆ ಆ ಹೊಗಳಿಕೆ ಅತ್ತೆಗೆ ರುಚಿಸಲಿಲ್ಲ. ಅವಳಿಗೆ ನಾಚಿಕೆಯಾಯಿತು. ದರದರನೆ ಚೀಲ ಎಳೆದು ತಂದವಳೇ ಗಂಟು ಬಿಚ್ಚಿ ಅಧಿಕಾರಿಯ ಕಾಲಬುಡಕ್ಕೇ ಸುರಿದಳು.

"ಉಳಿಸೋಕೆ ಇವ್ರಿದ್ದಾರೆ, ನೋಡಿ!"

ಎಲೆರಾಶಿಯಿಂದ ಎರೆಹುಳು ಹೊರಳಿತು, ಹಾವುರಾಣಿ ಸರಕ್ಕನೆ ಜಾರಿತು. ದಪ್ಪನೆಯ ನೆಲಗಪ್ಪೆಯೊಂದು ಕುಪ್ಪಳಿಸಿ ಅಧಿಕಾರಿಯ ಬೂಟಿನ ಮೇಲೆ ಕೂತಿತು. ಅಧಿಕಾರಿ ಕಲ್ಲಾಗಿ ನಿಂತ.

"ಇದು... ಕಚ್ಚುತ್ತಾ?"

"ಮನೆ ಕಿತ್ಕೊಂಡ್ರೆ ಯಾರ್ ಕಚ್ಚಲ್ಲ ಹೇಳಿ? ಕೇಳದೇ ಅದ್ರ ಮನೆ ಗುಡಿಸಿದ ದಡ್ಡಿ ನಾನು. ಬೈಯೋದಾದ್ರೆ ನನ್ನ ಬೈಯಿರಿ, ಈ ಮೂಲೆ ಮಾತ್ರ ಮುಟ್ಬೇಡಿ!"

ಸೊಸೆ ಕಣ್ಣೊರೆಸಿಕೊಂಡು, ಮಂಡಿಯೂರಿ, ಒಂದೊಂದು ಜೀವಿಯ ಕುಲಗೋತ್ರ ಹೇಳತೊಡಗಿದಳು. ಕಾಲು ಕದಲಿಸುವ ಧೈರ್ಯವಿಲ್ಲದ ಅಧಿಕಾರಿ ಪೂರ್ತಿ ಕೇಳಿದ. ಕೊನೆಗೆ ತಾನೇ ಬಗ್ಗಿ ನೋಡಿದ.

"ಕಣ್ಣು ಚಿನ್ನದ ಬಣ್ಣ ಇದ್ಯಲ್ರೀ!" ಕಪ್ಪೆ ಇಳಿದು ಹೋದ ಮೇಲೆ ಉಸಿರುಬಿಟ್ಟ. "ಟೈಲ್ಸ್ ಬೇಡ ಬಿಡಿ. ಆದ್ರೆ ಈ ಅಮ್ಮನ್ನ ಪೊರಕೆ ಸಮೇತ ಒಳಗೆ ಬಿಡ್ಬೇಡಿ."

ಅವನು ಹೋದ ಮೇಲೆ ಇಬ್ಬರೂ ಎಲೆಗಳನ್ನು ವಾಪಸ್ ಹಾಕಿದರು. ಅತ್ತೆ ಅಂಚು ಸಮ ಮಾಡುತ್ತಿದ್ದಳು.

"ಹಾಗಲ್ಲ ಅತ್ತೆ, ಸುಮ್ನೆ ಚೆಲ್ಲಿ."

"ಚೆಲ್ಲೋಕೆ ಬರಲ್ಲ ಕಣೇ ನಂಗೆ," ಎಂದಳು ಅತ್ತೆ, ಅಳು ಬರುವಂತಾಗಿ. ಸೊಸೆ ನಕ್ಕುಬಿಟ್ಟಳು.

ಮರುದಿನ ಬೆಳಗ್ಗೆ ಎಂದಿನಂತೆ ಅತ್ತೆ ಮನೆಯೆಲ್ಲ ಗುಡಿಸುತ್ತ ಸೊಸೆಯ ಕೋಣೆಯವರೆಗೆ ಬಂದಳು. ಬಾಗಿಲು ಸ್ವಲ್ಪ ತೆರೆದೇ ಇತ್ತು. ಮೇಜಿನ ಮೇಲೆ ಆ ಗೂಡು ಕಾಣುತ್ತಿತ್ತು. ಅತ್ತೆ ಹೊಸ್ತಿಲಲ್ಲೇ ನಿಂತು ಬಾಗಿಲು ತಟ್ಟಿದಳು. ಮಗನ ಮದುವೆಯಾದಾಗಿನಿಂದ ತಟ್ಟಿದ್ದು ಇದೇ ಮೊದಲು.

"ಒಳಗೆ ಬರ್ಲೇನೇ?"

ಒಳಗೆ ಕುರ್ಚಿ ಸರಿದ ಸದ್ದು. ಆಮೇಲೆ, "ಬನ್ನಿ ಅತ್ತೆ."

ಪೊರಕೆಯನ್ನು ಹೊರಗಿನ ಗೋಡೆಗೆ ಒರಗಿಸಿ ಅತ್ತೆ ಒಳಗೆ ಹೋದಳು.