ಪೇಪರಿನವರು ಬರೆದ ರೋಜಾ

"ರೋಜಾಳ ಸಿನಿಮಾ ನೋಡಿ ಪೇಪರಿನವ್ರು ಅತ್ತದ್ದಕ್ಕ ತುಂಗಭದ್ರಾ ಡ್ಯಾಂ ಎರಡಡಿ ಏರೈತಿ! ಬರ್ರಿ, ನೀವೂ ಎರಡು ಹನಿ ಹಾಕ್ರಿ!"

ಆಟೋಗೆ ಮೈಕು ಕಟ್ಟಿಕೊಂಡು ಊರೂರಿಗೆ ಸಿನಿಮಾ ಸಾರುವ ಯರ್ರಿಸ್ವಾಮಿ ಬೆಳಿಗ್ಗೆ ಕಾನಹೊಸಹಳ್ಳಿಯಲ್ಲಿ ಶುರು ಮಾಡಿದವನು ಹಗರಿಬೊಮ್ಮನಹಳ್ಳಿ ತಲುಪಿದರೂ ಬಾಯಿ ಮುಚ್ಚಿರಲಿಲ್ಲ. ಕಂಡವರ ಸಿನಿಮಾಕ್ಕೇ ನಾಲಿಗೆ ಹಿಡಿಯದವನು, ಅಕ್ಕನ ಮಗಳು ರೋಜಾ ಹೀರೋಯಿನ್ ಆದಾಗ ಬಿಡುತ್ತಾನೆಯೇ? ರೋಜಾಳ ಪಾಪ್ ಹಾಡಿನ ಕ್ಯಾಸೆಟ್ಟು ಮೂರು ವರ್ಷದಿಂದ ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಪಾನ್ ಅಂಗಡಿಗಳಲ್ಲೆಲ್ಲ ಮೊಳಗುತ್ತಿತ್ತು. ಹರಪನಹಳ್ಳಿ ಬಸ್ಸುಗಳು ಡೀಸೆಲ್ ಬಿಟ್ಟು ಅದರ ಮೇಲೇ ಓಡುತ್ತವೆ ಎಂಬುದು ಇವನ ವಾದ.

ಹಾಡು ಸರಿ, ಸಿನಿಮಾ ಬೇಡ ಎಂದು ಅಕ್ಕ ಪಾಲಮ್ಮ ಹಠ ಹಿಡಿದಿದ್ದಳು. "ಪೇಪರಿನವ್ರು ನಿನ್ನ ಮಗಳನ್ನ ಹೊಗಳಲಿಲ್ಲಂದ್ರ ನಾ ಇನ್ನ ಮೈಕು ಮುಟ್ಟಂಗಿಲ್ಲ" ಎಂದು ಒಪ್ಪಿಸಿದವನು ಇವನೇ. ನಿನ್ನೆ ಪೇಪರು ಬಂದಾಗ ಇಲ್ಲದ ಹೊಗಳಿಕೆಯನ್ನೆಲ್ಲ ಓದಿ ಹೇಳಿದ್ದ. ಮಗಳ ಫೋಟೋ ಇದೆಯೆಂದು ಅವಳು ಹಾಳೆ ಕೇಳಿದಾಗ ಧೈರ್ಯವಾಗಿಯೇ ಕೊಟ್ಟಿದ್ದ. ಕುರಿ ಸಾಕುವ ಅಕ್ಕನಿಗೆ ಓದು ಎಲ್ಲಿಯದು?

ಸ್ಟೇಷನ್ ರಸ್ತೆಯಲ್ಲಿ ಪಾಲಮ್ಮ ಆಟೋಗೆ ಅಡ್ಡ ನಿಂತಳು. ಕೈಯಲ್ಲಿ ಅದೇ ಹಾಳೆ.

"ಮೈಕು ಬಂದ್ ಮಾಡಲೇ."

"ಯಾಕಕ್ಕ? ಡ್ಯಾಂ ಇನ್ನೂ ತುಂಬಿಲ್ಲ!"

ಅವಳು ಸಾಲಿನ ಮೇಲೆ ಬೆರಳಿಟ್ಟಳು. "ರೋ... ಜಾ... ಳಿಗೆ... ನಟ... ನೆ... ಬರು... ವು... ದಿಲ್ಲ."

ಯರ್ರಿಸ್ವಾಮಿಯ ಬಾಯಿ ಹುಟ್ಟಿದಂದಿನಿಂದ ಮೊದಲ ಸಲ ಒಣಗಿತು. "ನೀ ಯಾವಾಗ ಓದಾಕ ಕಲ್ತಿ?"

"ಅಕ್ಷರ ಕಲಿಯಾಕ ಸಾಕ್ಷರತಾ ಸಾಲಿಗೆ ಬರ್ರಿ ಅಕ್ಕಾಂದಿರಾ ಅಂತ ಊರೂರು ಕೂಗಿದ್ದು ಯಾರಲೇ? ಖರೇ ಅಂತ ನಂಬಿ ಹೋಗಿದ್ದೆ."

ಅವನು ಮೈಕು ಬಿಚ್ಚಿ ಅವಳ ಮುಂದೆ ಹಿಡಿದ. ಮಾತು ಮಾತೇ.

ಅವಳು ಹಾಳೆಯನ್ನೇ ಅವನತ್ತ ಚಾಚಿದಳು. "ಅದನ್ನ ಆಮ್ಯಾಲ ನೋಡೋಣ. ಕೆಳಗಿಂದ್ರಾಗ ಒತ್ತಕ್ಷರ ಭಾಳ ಅದಾವ. ಇದ್ದದ್ದು ಇದ್ದಂಗ ಓದು."

ಓದಿದ. 'ನಾಯಕನ ಎದುರಿಗೂ ಮೈಕು ಹಿಡಿದವಳಂತೆ ಮುಷ್ಟಿಯನ್ನು ಬಾಯಿಯ ಹತ್ತಿರ ಹಿಡಿದೇ ನಿಲ್ಲುತ್ತಾಳೆ. ಆದರೆ ಹಾಡಲು ತೊಡಗಿದಳೋ, ಚಿತ್ರಮಂದಿರದಲ್ಲಿ ಒಬ್ಬರೂ ಮಿಸುಕುವುದಿಲ್ಲ. ಇಂಥ ಕಂಠ ಈ ಹುಡುಗಿ ಎಲ್ಲಿಂದ ತಂದಳೋ!'

ಪಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಸುತ್ತ ನೆರೆದವರನ್ನು ಗತ್ತಿನಿಂದ ನೋಡಿದಳು. "ನನ್ನ ಮಗಳ ಕಂಠ! ಇಷ್ಟು ಚಂದ ಬರದಾರ, ಮುಚ್ಚಿಟ್ಟು ಡ್ಯಾಂ ಯಾಕ ತುಂಬಿಸಿದಿ?"

"ಆ ಮುಷ್ಟಿ ಐತಲ್ಲಕ್ಕ..." ಯರ್ರಿಸ್ವಾಮಿ ತಲೆ ತಗ್ಗಿಸಿದ. "ಶೂಟಿಂಗ್ ದಿನ ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿ, ಏನಾದ್ರೂ ಆಗಲಿ ಮೈಕು ಹಿಡಿಯೋ ಕೈ ಇಳಿಸಬ್ಯಾಡ ಅಂತ ಹೇಳಿದ್ದು ನಾನ. ಪಾಪ, ಹುಡುಗಿ ನಂಬಿತು. ನನಗೇನು ಗೊತ್ತು ನಟನಿ? ಇಪ್ಪತ್ತು ವರ್ಷ ಹೊರಗ ನಿಂತು ಕೂಗೀನಿ, ಒಳಗ ಕುಂತು ಒಂದು ಸಿನಿಮಾನೂ ನೋಡಿಲ್ಲಕ್ಕ."