ಹೂಬಟ್ಟೆಯ ಗವಸು

ಆಮ್ಲಜನಕದ ಸಿಲಿಂಡರಿನ ಮುಳ್ಳು ಕೆಂಪು ಗೆರೆಯತ್ತ ಇಳಿಯುತ್ತಿತ್ತು. ನರ್ಸಮ್ಮನ ಕಣ್ಣು ಒಮ್ಮೆ ಆ ಮುಳ್ಳಿನ ಮೇಲೆ, ಒಮ್ಮೆ ತೊಟ್ಟಿಲಲ್ಲಿ ಪಕ್ಕೆಲುಬು ಎದ್ದು ಕಾಣುವಂತೆ ಉಸಿರೆಳೆಯುತ್ತಿದ್ದ ಹಸುಗೂಸಿನ ಮೇಲೆ. ಹೊಸ ಸಿಲಿಂಡರ್ ತರುವ ಗಾಡಿ ದಾರಿಯಲ್ಲಿ ಕೆಟ್ಟು ನಿಂತಿದೆಯೆಂದು ಈಗಷ್ಟೇ ಫೋನು ಬಂದಿತ್ತು. ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಮೂಲೆಯಲ್ಲಿತ್ತು, ಹೊರದೇಶದವರು ದಾನ ಕೊಟ್ಟದ್ದು. ಹಚ್ಚಿದ ಸ್ವಲ್ಪ ಹೊತ್ತಿಗೇ ಕಿರುಚಿಕೊಂಡು ನಿಂತುಹೋಗುವುದು ಅದರ ಚಾಳಿ.

ನರ್ಸಮ್ಮನಿಗೆ ಊಟದ ಡಬ್ಬಿ ತಂದಿದ್ದ ಅವಳ ತಂಗಿಯ ಮಗಳು ಆ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ತಾಂತ್ರಿಕ ಶಾಲೆಯಲ್ಲಿ ಎರಡನೇ ವರ್ಷ ಓದುವವಳು.

“ಮುಟ್ಟಬೇಡ. ರಿಪೇರಿಯವರು ಬರ್ತಾರೆ.”

“ಯಾವಾಗ, ದೊಡ್ಡಮ್ಮ?”

“ಹೋದ ವರ್ಷವೇ ಹೇಳಿ ಕಳಿಸಿದೀವಿ.”

“ಹಾಗಾದ್ರೆ ಬಾಗಿಲಲ್ಲೇ ಇರಬೇಕು.”

“ನಾಲಿಗೆಗೂ ಆ ಶಾಲೆಯಲ್ಲೇ ಸಾಣೆ ಹಿಡಿಸಿಕೊಂಡ್ಯಾ? ಕೆಟ್ಟುಹೋದ್ರೆ ಏನು ಗತಿ?”

“ಈಗ ಚೆನ್ನಾಗಿದೆಯಾ?”

ಕೂಸಿನ ತಾಯಿ ಇಬ್ಬರ ಮುಖವನ್ನೂ ನೋಡಿದಳು. “ಸಿಸ್ಟರ್, ಅವಳಿಗೆ ಗೊತ್ತಾ?”

ಹುಡುಗಿಯೇ ಹೇಳಿದಳು. “ಪೂರ್ತಿ ಗೊತ್ತಿಲ್ಲ ಅಕ್ಕ. ಗಾಳಿ ಎಲ್ಲಿಂದ ಒಳಗೆ ಹೋಗಬೇಕು ಅನ್ನೋದಷ್ಟು ಗೊತ್ತು.”

ನರ್ಸಮ್ಮ ತಡೆಯಲಿಲ್ಲ.

ಹುಡುಗಿ ಯಂತ್ರ ಹಚ್ಚಿ, ಹೂಬಟ್ಟೆಯ ಗವಸನ್ನು ಹಿಂದಿನಿಂದ ಎತ್ತಿದಳು. ನರ್ಸಮ್ಮನ ಕೈಹೊಲಿಗೆ ಅದು. ದೂಳು ತಾಗದಿರಲೆಂದು ಪ್ರಾರ್ಥನೆಯ ಪುಸ್ತಕಕ್ಕೆ ಹೊದಿಸುವ ಭಕ್ತಿಯಿಂದ ಆಸ್ಪತ್ರೆಯ ಯಂತ್ರಗಳಿಗೆಲ್ಲ ಒಂದೊಂದು ಹೊಲಿದಿದ್ದಳು. ಚಾಲೂ ಇದ್ದಾಗಲೂ ತೆಗೆಯುತ್ತಿರಲಿಲ್ಲ, ಗುಂಡಿಗಳಿಗೆಂದು ಮುಂದೆ ಕಿಟಕಿ ಕತ್ತರಿಸಿದ್ದಳು.

ಹುಡುಗಿ ಒಂದೆಳೆ ದಾರವನ್ನು ಹಿಂಬದಿಯ ಜಾಲರಿಗೆ ಹಿಡಿದಳು. ದಾರ ಅಲುಗಲಿಲ್ಲ.

“ಇದಕ್ಕೇ ಉಸಿರಿಲ್ಲ, ಕೂಸಿಗೆಲ್ಲಿಂದ ಕೊಡುತ್ತೆ?”

ಯಂತ್ರ ಆರಿಸಿ, ಜಾಲರಿ ಬಿಚ್ಚಿ, ಗಾಳಿ ಸೋಸುವ ಸ್ಪಂಜನ್ನು ಈಚೆಗೆಳೆದಳು. ಗವಸಿನ ನೂಲುಜುಂಗು ಕಂಬಳಿಯಂತೆ ದಪ್ಪಗಟ್ಟಿತ್ತು. ಅದರಲ್ಲಿ ಹೂವಿನ ಬಣ್ಣವೂ ಇತ್ತು. ನರ್ಸಮ್ಮ ಆ ಬಣ್ಣ ನೋಡಿದಳು, ಸ್ಪಂಜನ್ನು ಕಸಿದುಕೊಂಡಳು. ನಲ್ಲಿಗೆ ಓಡಿ ತೊಳೆದು ತಂದಳು. ಹಾಗೇ ತುರುಕಲು ಹೋದಾಗ ಹುಡುಗಿ ಮಣಿಕಟ್ಟು ಹಿಡಿದಳು.

“ಒದ್ದೆ ಹಾಕಬಾರದು ದೊಡ್ಡಮ್ಮ. ಒಳಗೆ ನೀರು ಹೋದ್ರೆ ಮುಗೀತು.”

“ಮುಳ್ಳು ನೋಡೇ!”

“ನೋಡಿದೆ. ಒತ್ತಿ.”

ಒಣ ಟವೆಲ್ಲಿನ ಮಧ್ಯೆ ಸ್ಪಂಜಿಟ್ಟು ಇಬ್ಬರೂ ಒತ್ತಿದರು. ಇನ್ನೊಂದು ಟವೆಲ್. ನರ್ಸಮ್ಮನ ತುಟಿ ಪ್ರಾರ್ಥಿಸುತ್ತಿತ್ತು, ಕೈ ಒತ್ತುತ್ತಲೇ ಇತ್ತು. ಮುಳ್ಳು ಕೆಂಪಿಗೆ ತಾಗಿತು. ಕೂಸಿನ ತುಟಿ ನೀಲಿಗೆ ತಿರುಗಿತು.

ಸ್ಪಂಜು ಒಳಗೆ ಕೂತಿತು. ಯಂತ್ರ ಗುಂಯ್‌ಗುಟ್ಟಿತು. ಹಿಡಿದ ದಾರ ಹಾರಿಹೋಗಿ ಜಾಲರಿಗೆ ಅಂಟಿಕೊಂಡಿತು.

ನರ್ಸಮ್ಮ ಕೂಸಿನ ನಳಿಕೆಯನ್ನು ಸಿಲಿಂಡರಿನಿಂದ ಯಂತ್ರಕ್ಕೆ ಬದಲಿಸಿದಳು. ಅದು ಎಂದಿನಂತೆ ಕಿರುಚಬೇಕಾದ ಹೊತ್ತು ಬಂತು, ಹೋಯಿತು. ಯಂತ್ರ ಕಿರುಚಲಿಲ್ಲ. ಕಿರುಚಿದ್ದು ಕೂಸು. ತೆಳ್ಳಗೆ, ಸಿಟ್ಟಿನಿಂದ. ತಾಯಿ ತೊಟ್ಟಿಲ ಅಂಚಿಗೆ ಹಣೆಯಿಟ್ಟು ಅತ್ತಳು.

ಸಿಲಿಂಡರ್ ಗಾಡಿ ಬಂದು ಸೇರಿದ ಮೇಲೆ ನರ್ಸಮ್ಮ ಉಗ್ರಾಣದ ಬೀಗ ತೆಗೆದಳು. ರಿಪೇರಿಯವರಿಗಾಗಿ ಕಾದಿದ್ದ ಯಂತ್ರಗಳು ಸಾಲಾಗಿ ನಿಂತಿದ್ದವು, ಎಲ್ಲಕ್ಕೂ ಹೂಬಟ್ಟೆ.

“ಇವೂ ಹೀಗೇನಾ?”

“ಗೊತ್ತಿಲ್ಲ ದೊಡ್ಡಮ್ಮ. ಇವು ನಮ್ಮ ಪಾಠಕ್ಕಿನ್ನೂ ಬಂದಿಲ್ಲ.”

“ಪಾನಾ ಹಿಡಿದು ಬೋಲ್ಟು ತಿರುಗಿಸೋಳಿಗೆ ಗಂಡು ಎಲ್ಲಿ ಸಿಗ್ತಾನೆ ಅಂತ ನಿಮ್ಮಮ್ಮನ ಹತ್ರ ಜಗಳ ಆಡಿದ್ದೆ.” ನರ್ಸಮ್ಮ ಮೊದಲ ಗವಸಿನ ಗಂಟು ಬಿಚ್ಚತೊಡಗಿದಳು. “ನಿಮ್ಮ ಮೇಷ್ಟ್ರನ್ನ ಕೇಳು, ಕ್ಲಾಸನ್ನೇ ಇಲ್ಲಿಗೆ ತರ್ತಾರಾ ಅಂತ.”