ಮುಕ್ತಾಬಾಯಿಯ ಹೊಸ ಟಿವಿ

"ಈಗ ಹ್ಯಾಂಗ ಕಾಣಾಕತ್ತದ ನೋಡ್ರಿ ಆಯಿ," ಎಂದು ಯುನೂಸ್ ರಿಮೋಟ್ ಕೆಳಗಿಟ್ಟ.

ಮುಕ್ತಾಬಾಯಿ ಕಣ್ಣು ಕಿರಿದು ಮಾಡಿದಳು. "ಮೊದಲಿನ್ಹಂಗೇ ಮಂಜ ಅದ."

ಬಸವಕಲ್ಯಾಣದ ತನ್ನ ಡಿಶ್ ಅಂಗಡಿಯಿಂದ ಮುಡಬಿಯ ಈ ಮನೆಗೆ ಅವನು ಬಂದದ್ದು ಇದು ಮೂರನೇ ಸಲ. ಮುಕ್ತಾಬಾಯಿಯ ಮಗಳು ವಿಶಾಖಾ ರಾಜ್ಯದ ಕಬಡ್ಡಿ ತಂಡದಲ್ಲಿದ್ದಳು. ಅವಳ ಆಟ ಇವತ್ತು ಮೊದಲ ಬಾರಿಗೆ ಟಿವಿಯಲ್ಲಿ ಬರುವುದಿತ್ತು. ಅದಕ್ಕೆಂದೇ ಮನೆಯವರು ದೊಡ್ಡ ಟಿವಿ ತಂದಿದ್ದರು. ಮೊದಲ ಸಲ ಬಂದಾಗ ಯುನೂಸ್ ಹಳೆಯ ಬಾಕ್ಸ್ ತೋರಿಸಿ, ಅದು ಕೊಡುವ ಚಿತ್ರವೇ ಸಣ್ಣದು, ಸಣ್ಣ ಕೌದಿಯನ್ನು ದೊಡ್ಡ ಮಂಚಕ್ಕೆ ಎಳೆದಂತೆ ಹಿಗ್ಗಿ ಮಸುಕಾಗುತ್ತದೆ ಎಂದು ಸೊಸೆ ಪೂನಂಗೆ ತಿಳಿಸಿ ಹೇಳಿದ್ದ. ಎರಡನೇ ಸಲ ಎಚ್‌ಡಿ ಬಾಕ್ಸ್ ಹಾಕಿದ್ದ. ಇವತ್ತು ನೋಡಿದರೆ ಮನೆಯವರು ಹಚ್ಚುತ್ತಿದ್ದದ್ದು ಇನ್ನೂ ಹಳೆಯ ಚಾನೆಲ್ಲೇ. ಅದನ್ನೂ ಎಚ್‌ಡಿ ಚಾನೆಲ್‌ಗೆ ಬದಲಿಸಿದ.

ಈಗ ಅಂಕಣದಲ್ಲಿ ಮೈ ಸಡಿಲಿಸುತ್ತಿದ್ದ ಹುಡುಗಿಯರ ಹಣೆಯ ಬೆವರೂ ಕಾಣುತ್ತಿತ್ತು. ಪೂನಂ ಬಾಗಿಲಲ್ಲೇ ನಿಂತು ಅವರ ಅಂಗಿಯ ಮೇಲಿನ ಹೆಸರು ಓದಿದಳು. ಮುದುಕಿಗೆ ತಪ್ಪು ಹುಡುಕುವ ಚಟ ಎಂದುಕೊಳ್ಳುವಷ್ಟರಲ್ಲಿ, ಅವಳ ನೋಟ ಪರದೆಯ ಮೇಲೆ ಎಲ್ಲಿಯೂ ನಿಲ್ಲದೆ ಅಲೆಯುತ್ತಿರುವುದು ಯುನೂಸ್‌ಗೆ ಕಂಡಿತು. ಅವನು ಅವಳೆದುರು ಕುಳಿತ.

"ಆಯಿ, ಬಲಗಣ್ಣು ಮುಚ್ಚರಿ. ಇವು ಎಷ್ಟು ಬೆರಳು?"

ಅವಳು ಬಲಗಣ್ಣು ಮುಚ್ಚಿ ಅವನತ್ತ ಬಾಗಿದಳು. "ನೀ ಕುಂತಿದ್ದು ಗೊತ್ತಾಗ್ತದ ತಮ್ಮಾ. ಬೆರಳು ಕಾಣಂಗಿಲ್ಲ."

ಇನ್ನೊಂದು ಕಣ್ಣೂ ಅಷ್ಟಕ್ಕಷ್ಟೇ. ತೊಗರಿ ರಾಶಿಯ ಕಾಲದಿಂದ ಹೀಗೆಯೇ ಇತ್ತಂತೆ. ಸೊಂಟನೋವಿನ ನೆಪ ಹೇಳಿ ಅಕ್ಕಿ ಆರಿಸುವುದನ್ನು ಸೊಸೆಗೆ ಬಿಟ್ಟಿದ್ದಳು. ಗೊತ್ತಾದರೆ ವಿಶಾಖಾ ಕ್ಯಾಂಪ್ ಬಿಟ್ಟು ಓಡಿ ಬರುತ್ತಾಳೆಂದು ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ದೊಡ್ಡ ಟಿವಿಯಲ್ಲಾದರೂ ಮಗಳ ಮುಖ ಕಂಡೀತೆಂಬ ಆಸೆ ಅವಳದಾಗಿತ್ತು.

ತನ್ನ ತಾಯಿಗೂ ಕಣ್ಣಿಗೆ ಪೊರೆ ಬಂದಿತ್ತು, ಹುಮನಾಬಾದಿನಲ್ಲಿ ತೆಗೆಸಿದ ಮೇಲೆ ಈಗ ಪೇಪರ್ ಓದುತ್ತಾಳೆ ಎಂದು ಯುನೂಸ್ ಹೇಳಿದ. ಸೋಮವಾರದ ಮೊದಲ ಬಸ್ಸಿಗೇ ಕರೆದೊಯ್ಯುತ್ತೇನೆ ಎಂದಳು ಪೂನಂ.

"ಹೋಗೂಣು," ಎಂದಳು ಮುಕ್ತಾಬಾಯಿ. "ವಿಶಾಖಾಗ ಮಾತ್ರ ಈಗೇ ಹೇಳಬ್ಯಾಡ್ರಿ."

ಆಟ ಶುರುವಾಯಿತು. ಹೊರಡಲು ಎದ್ದಿದ್ದ ಯುನೂಸ್ ಮತ್ತೆ ಕುಳಿತ. ಪೂನಂ ಅತ್ತೆಯ ಪಕ್ಕಕ್ಕೆ ಸರಿದು, "ವಿಶಾಖಾ ಗೆರಿ ದಾಟಿದಳ್ರಿ ಅತ್ತಿ. ಬಲಕ್ಕ ಹೊಂಟಾಳ," ಎಂದು ಹೇಳತೊಡಗಿದಳು.

ಮುಕ್ತಾಬಾಯಿ ಕಣ್ಣು ಮುಚ್ಚಿಕೊಂಡಳು. ಸೊಸೆಯ ಮಾತಿನ ಜೊತೆಜೊತೆಗೆ ಅವಳ ಕಾಲಿನ ಹೆಬ್ಬೆರಳು ನೆಲದ ಮೇಲೆ ಬಲಕ್ಕೊಮ್ಮೆ, ಎಡಕ್ಕೊಮ್ಮೆ ಸರಿಯುತ್ತಿತ್ತು.